ಧ್ವನಿಮುದ್ರಿಕೆಗಳಿಗೂ ಬೇಕು ಒಂದು ಕವಿಚರಿತೆ

ಕನ್ನಡ ವಿದ್ವತ್ತಿನ ಭೂಪಟದಲ್ಲಿ ನಾಗಪುರ ಎದ್ದು ಕಾಣುವ ಊರಲ್ಲ. ಮೂರನೆಯ ಕೃಷ್ಣನ ದೇವಳಿ ತಾಮ್ರಪಟಗಳು ದೊರೆತದ್ದು ಅದರ ನೆರೆಯ ವರ್ಧಾ ಜಿಲ್ಲೆಯಲ್ಲಿ ಎಂಬ ಕಾರಣಕ್ಕೆ ಶಾಸನಾಭ್ಯಾಸಿಗಳು ಆ ಕಡೆಗೆ ಒಮ್ಮೆ ಕಣ್ಣು ಹಾಯಿಸಿರಬಹುದು, ಅಷ್ಟೆ. ಆದರೆ ಸಂಗೀತದ ಕೇಳುಗರಿಗೆ ನಾಗಪುರ ಬೇರೆಯೇ ಕಾರಣದಿಂದ ಪರಿಚಿತವಾಗಿತ್ತು. 1988ರ ಮೇ ತಿಂಗಳಿನಲ್ಲಿ ಆಕಾಶವಾಣಿಯ ರಾಷ್ಟ್ರೀಯ ವಾಹಿನಿ ಆರಂಭವಾದಾಗ, ಅದರ ರಾತ್ರಿಯ ಕಾರ್ಯಕ್ರಮಗಳನ್ನು ದೇಶದ ಉದ್ದಗಲಕ್ಕೆ ಹರಡಿದ್ದು ನಾಗಪುರದ ಒಂದು ಮೆಗಾವ್ಯಾಟ್ ಸಾಮರ್ಥ್ಯದ, 1566 ಕಿಲೊಹರ್ಟ್ಸ್‌ನ ಪ್ರಸಾರಕ. 2018ರ ಕೊನೆಯಲ್ಲಿ ಆ ವಾಹಿನಿಯನ್ನು ಮುಚ್ಚುವ ಆದೇಶ ಹೊರಡುವವರೆಗೆ, ಮೂರು ದಶಕಗಳ ಕಾಲ, ರಾತ್ರಿಯ ಹೊತ್ತಿನಲ್ಲಿ ದೇಶದ ಕಿವಿ ನಾಗಪುರದ ಕಡೆಗಿತ್ತು ಎಂದರೆ ತಪ್ಪಾಗಲಾರದು.

ಆ ಕಾಲದ ರೇಡಿಯೊ ಕೇಳುಗನಿಗೆ ಆಯ್ಕೆಯ ಸ್ವಾತಂತ್ರ್ಯವಿರಲಿಲ್ಲ. ಬಂದದ್ದನ್ನು, ಬಂದ ಹೊತ್ತಿಗೆ ಕೇಳಬೇಕು. ಆದರೆ ಗಾಯನಕ್ಕೆ ಮುನ್ನ ಉದ್ಘೋಷಕರು ಒಂದು ವಾಕ್ಯ ಹೇಳುತ್ತಿದ್ದರು. ಹಾಡುವವರು ಯಾರು, ರಾಗ ಯಾವುದು, ವಿಲಂಬಿತ ಯಾವ ತಾಳದಲ್ಲಿ, ದ್ರುತ ಯಾವುದರಲ್ಲಿ, ತಬಲಾ ಯಾರದು, ಹಾರ್ಮೋನಿಯಂ ಅಥವಾ ಸಾರಂಗಿ ಯಾರದು ಎಂಬುದೆಲ್ಲ ಆ ಒಂದು ವಾಕ್ಯದಲ್ಲಿ ಅಡಕವಾಗಿರುತ್ತಿತ್ತು. ಹಸ್ತಪ್ರತಿಯ ಕೊನೆಯಲ್ಲಿ ಕೃತಿ, ಕರ್ತೃ, ಲಿಪಿಕಾರ, ಕಾಲ, ಸ್ಥಳಗಳನ್ನು ತಿಳಿಸುವ ಪುಷ್ಪಿಕೆ ಮಾಡುವ ಕೆಲಸವನ್ನೇ ಗಾಯನದ ಆರಂಭದಲ್ಲಿ ಈ ವಾಕ್ಯ ಮಾಡುತ್ತಿತ್ತು.

ಈಗ ಸ್ಥಿತಿ ತಿರುವುಮುರುವಾಗಿದೆ. ನಾಗಪುರದ ಯಾವುದೋ ಬಡಾವಣೆಯಲ್ಲಿ ನೆಲೆಸಿದ ಕನ್ನಡದ ಮನೆಯವರು, ರೈಲ್ವೆಯಲ್ಲೋ ಗಣಿ ಬ್ಯೂರೋದಲ್ಲೋ ದುಡಿಯುತ್ತ ತಲೆಮಾರು ಕಳೆದವರು, ಬೇಕೆಂದ ಗಾಯಕರನ್ನು ಬೇಕೆಂದಾಗ ಕರೆಸಿಕೊಳ್ಳಬಲ್ಲರು. ಸಂಗೀತವನ್ನು ಹಣ ಕೊಟ್ಟು ಇಳಿಸಿಕೊಳ್ಳುವ ಅಂಗಡಿಗಳು ಭಾರತಕ್ಕೆ ಬಂದು ದಶಕ ದಾಟಿದೆ. 2012ರ ಫೆಬ್ರವರಿಯಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆ ‘ಫ್ಲೈಟ್’ ಎಂಬ ಹೆಸರಿನಲ್ಲಿ ಇಂಥದೊಂದು ಅಂಗಡಿಯನ್ನು ತೆರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆಪಲ್ ಸಂಸ್ಥೆಯ ಐಟ್ಯೂನ್ಸ್ ಮಳಿಗೆ ಇಲ್ಲಿನ ಗಿರಾಕಿಗಳಿಗೆ ಬಾಗಿಲು ತೆರೆಯಿತು. ಆಮೇಲೆ ಇಳಿಸಿಕೊಳ್ಳುವ ಗೋಜೂ ಇಲ್ಲದ, ಜಾಲದಿಂದ ನೇರವಾಗಿ ಹರಿದು ಬರುವ ಸಂಗೀತದ ಸೇವೆಗಳು ಬಂದವು. ಸರಕು ಅಪಾರ. ಕಳೆದುಹೋದದ್ದು ಉದ್ಘೋಷಕರ ಆ ಒಂದು ವಾಕ್ಯ ಮಾತ್ರ.

ಅದು ಸಣ್ಣ ನಷ್ಟವಲ್ಲ. ಈ ಅಂಗಡಿಗಳ ಕಪಾಟುಗಳನ್ನು ಕಟ್ಟಿದ್ದು ಸಿನಿಮಾ ಹಾಡು ಮತ್ತು ಪಾಪ್ ಗೀತೆಗಳ ಅಳತೆಗೆ. ಕಲಾವಿದ, ಆಲ್ಬಮ್, ಹಾಡು ಎಂಬ ಮೂರು ಖಾನೆಗಳಲ್ಲಿ ಎಲ್ಲವೂ ಕೂರಬೇಕು. ನಲವತ್ತು ನಿಮಿಷದ ದರಬಾರಿ ಕಾನಡಾ ಅಲ್ಲಿ ಒಂದು ‘ಹಾಡು’. ಬಂದಿಶಿನ ಮೊದಲ ಸಾಲು ಹೆಸರಾಗಬಹುದು, ರಾಗದ ಹೆಸರೇ ಹಾಡಿನ ಹೆಸರಾಗಬಹುದು, ಎರಡೂ ಇಲ್ಲದೆ ‘ಖಯಾಲ್’ ಎಂದಷ್ಟೇ ಇರಬಹುದು. ತಬಲಾ ನುಡಿಸಿದವರಿಗೆ ಖಾನೆಯೇ ಇಲ್ಲ. ಮುದ್ರಣವಾದ ವರ್ಷದ ಜಾಗದಲ್ಲಿ ಆ ಕಡತವನ್ನು ಅಂಗಡಿಗೆ ಏರಿಸಿದ ವರ್ಷ ಕುಳಿತಿರುತ್ತದೆ. ಹೀಗಾಗಿ 1992ರಲ್ಲಿ ತೀರಿಕೊಂಡ ಮಲ್ಲಿಕಾರ್ಜುನ ಮನ್ಸೂರರು ಅದರ ಎಷ್ಟೋ ವರ್ಷಗಳ ಅನಂತರ ಹೊಸ ಆಲ್ಬಮ್ ಹೊರತಂದಂತೆ ತೋರುತ್ತದೆ.

ಹೆಸರುಗಳ ಕಥೆ ಇನ್ನೂ ಸಂಕೀರ್ಣ. ಹುಡುಕುವವರು ಸಾಮಾನ್ಯವಾಗಿ ರೋಮನ್ ಲಿಪಿಯನ್ನೇ ನೆಚ್ಚಬೇಕಾದ್ದರಿಂದ ಮನ್ಸೂರ, ಮನಸೂರ, ಮನ್ಸೂರ್ ಎಂಬ ರೂಪಗಳೆಲ್ಲ ಬೇರೆ ಬೇರೆ ವ್ಯಕ್ತಿಗಳಾಗಿಬಿಡುತ್ತವೆ. ಗಂಗೂಬಾಯಿ ಹಾನಗಲ್ಲರ ಮೊದಲ ಗ್ರಾಮಫೋನ್ ತಟ್ಟೆಗಳು 1930ರ ದಶಕದಲ್ಲಿ ಹೊರಬಂದದ್ದು ‘ಗಾಂಧಾರಿ’ ಎಂಬ ಹೆಸರಿನಲ್ಲಿ. ಅದು ಗೊತ್ತಿಲ್ಲದವರಿಗೆ ಆ ತಟ್ಟೆಗಳು ಸಿಕ್ಕರೂ ಸಿಕ್ಕಂತಲ್ಲ. ಇನ್ನು ಕಾನಡಾ ಎಂಬ ರಾಗವರ್ಗವನ್ನೇ ನೋಡಬಹುದು. ಕರ್ಣಾಟ ಎಂಬ ಹೆಸರನ್ನು ಹಿಂದುಸ್ತಾನಿ ಪದ್ಧತಿಯ ನಡುವೆ ಶತಮಾನಗಳಿಂದ ಹೊತ್ತು ನಿಂತ ರಾಗಗಳವು: ದರಬಾರಿ, ನಾಯಕಿ, ರಾಯಸಾ ಮುಂತಾಗಿ. ರೋಮನ್ ಲಿಪಿಯಲ್ಲಿ ಕಾನಡಾ, ಕನ್ನಡ ಮತ್ತು ಕೆನಡಾಗಳ ನಡುವೆ ಇರುವ ಅಂತರ ಒಂದೊಂದು ಅಕ್ಷರದ್ದು. ಯಂತ್ರವನ್ನು ದೂರುವುದಕ್ಕೆ ಅರ್ಥವಿಲ್ಲ; ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ಭೀಮಸೇನ ಜೋಶಿಯವರಂಥ ಒಬ್ಬ ಗಾಯಕರನ್ನೇ ಹುಡುಕಿದರೂ ಅವರು ಮೂರು ಹೋಳಾಗಿ ದೊರೆಯುತ್ತಾರೆ. ಖಯಾಲುಗಳು ಹಿಂದುಸ್ತಾನಿ ಶಾಸ್ತ್ರೀಯದಲ್ಲಿ, ಅಭಂಗಗಳು ಮರಾಠಿಯಲ್ಲಿ, ದಾಸವಾಣಿ ಭಕ್ತಿಗೀತೆಗಳ ಕಪಾಟಿನಲ್ಲಿ. ನಾಗಪುರದಲ್ಲಿ ಹುಟ್ಟಿ ಬೆಳೆದ ಕನ್ನಡದ ಮಗುವಿಗೆ ಅವರು ಮರಾಠಿ ಸಂತರ ಗಾಯಕರಾಗಿ ಮೊದಲು ಪರಿಚಯವಾಗುವುದು ಸಹಜವೇ, ಅದರಲ್ಲಿ ಬೇಸರಪಡುವಂಥದ್ದೂ ಇಲ್ಲ. ಆದರೆ ಗದಗ ಸೀಮೆಯ ಈ ಕಂಠ ಪುರಂದರದಾಸರನ್ನೂ ಹಾಡಿದೆ ಎಂಬ ಸಂಗತಿಯತ್ತ ಆ ಮಗುವನ್ನು ಒಯ್ಯುವ ದಾರಿ ಅಂಗಡಿಯೊಳಗೆ ಇಲ್ಲ. ಇದು ಕನ್ನಡಿಗರಿಗಷ್ಟೇ ಸಂಬಂಧಿಸಿದ ತೊಡಕೂ ಅಲ್ಲ. ನಾಗಪುರದಲ್ಲೇ ಸಂಗೀತಾಭ್ಯಾಸ ಆರಂಭಿಸಿದ ವಸಂತರಾವ್ ದೇಶಪಾಂಡೆಯವರ ನಾಟ್ಯಗೀತೆ ಒಂದು ಕಡೆ, ಖಯಾಲು ಇನ್ನೊಂದು ಕಡೆ ಎಂಬ ಪಾಡು ಅಲ್ಲಿನ ಮರಾಠಿ ರಸಿಕರದೂ ಹೌದು.

ಇದೇ ಅಂಗಡಿಯಲ್ಲಿ ಜಾಝ್ ಸಂಗೀತವನ್ನು ಹುಡುಕುವವರ ಅನುಭವ ಬೇರೆ. ಜಾಝ್ ಕೂಡ ಮೂರು ಖಾನೆಗಳಿಗೆ ಒಗ್ಗದ ಸಂಗೀತ. ಅಲ್ಲಿಯೂ ಮನೋಧರ್ಮವೇ ಮುಖ್ಯ, ಒಂದೇ ರಾಗವನ್ನು ಒಬ್ಬರೇ ಹತ್ತು ಬಗೆಯಲ್ಲಿ ಹಾಡುವಂತೆ ಒಂದೇ ಧಾಟಿಯನ್ನು ಹತ್ತು ಬಗೆಯಲ್ಲಿ ನುಡಿಸುವುದುಂಟು. ಪಕ್ಕವಾದ್ಯದವನು ಯಾರೆಂಬುದು ನಾಯಕನಷ್ಟೇ ಮುಖ್ಯ. ಆದರೂ ಜಾನ್ ಕೋಲ್ಟ್ರೇನ್‌ನ ‘ಎ ಲವ್ ಸುಪ್ರೀಮ್’ ಮುದ್ರಣವಾದದ್ದು 1964ರ ಡಿಸೆಂಬರ್ 9ರಂದು, ನ್ಯೂಜರ್ಸಿಯಲ್ಲಿದ್ದ ರೂಡಿ ವ್ಯಾನ್ ಗೆಲ್ಡರನ ಸ್ಟುಡಿಯೋದಲ್ಲಿ, ಪಿಯಾನೋ ಮೆಕಾಯ್ ಟೈನರ್, ಬಾಸ್ ಜಿಮ್ಮಿ ಗ್ಯಾರಿಸನ್, ಡ್ರಮ್ಸ್ ಎಲ್ವಿನ್ ಜೋನ್ಸ್ ಎಂಬ ವಿವರ ಬೇಕೆಂದವರಿಗೆ ಕ್ಷಣದಲ್ಲಿ ಸಿಗುತ್ತದೆ. ಈ ಸೌಲಭ್ಯವನ್ನು ಕೊಟ್ಟದ್ದು ಅಂಗಡಿಯಲ್ಲ. 1936ರಲ್ಲಿ ಪ್ಯಾರಿಸಿನ ಚಾರ್ಲ್ಸ್ ದೆಲೋನೇ ‘ಹಾಟ್ ಡಿಸ್ಕೋಗ್ರಫಿ’ ಎಂಬ ಧ್ವನಿಮುದ್ರಿಕಾಸೂಚಿಯನ್ನು ಪ್ರಕಟಿಸಿದ. ತಟ್ಟೆಯ ಮೇಲಿನ ಸಂಖ್ಯೆ, ಮುದ್ರಣದ ದಿನ, ಊರು, ನುಡಿಸಿದವರೆಲ್ಲರ ಹೆಸರು ಇವನ್ನು ಹುಡುಕಿ ಹೊಂದಿಸುವ ಶಿಸ್ತು ಅಲ್ಲಿಂದ ಬೆಳೆದು, ಬ್ರಯಾನ್ ರಸ್ಟ್‌ನಂಥವರ ಕೈಯಲ್ಲಿ ದೊಡ್ಡ ಸಂಪುಟಗಳಾಯಿತು. ವಿಶ್ವವಿದ್ಯಾಲಯಗಳು ಜಾಝ್ ಕಡೆಗೆ ತಿರುಗಿಯೂ ನೋಡದ ಕಾಲದಲ್ಲಿ ಅಭಿಮಾನಿಗಳು ಮಾಡಿದ ಕೆಲಸವಿದು. ಅಂಗಡಿ ಬಂದಾಗ ಸೂಚಿ ಸಿದ್ಧವಿತ್ತು.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿಷಯದಲ್ಲಿ ಅಂಗಡಿಯೇ ಸೋಲೊಪ್ಪಿದ ಪ್ರಸಂಗ ಇನ್ನೂ ಈಚಿನದು. ವಾಗ್ಗೇಯಕಾರ, ಕೃತಿ, ವಾದ್ಯವೃಂದ, ನಿರ್ದೇಶಕ ಎಂಬ ನಾಲ್ಕು ನೆಲೆಗಳನ್ನು ಮೂರು ಖಾನೆಗಳಲ್ಲಿ ತುರುಕಲು ಆಗದೆ, ಆಪಲ್ ಸಂಸ್ಥೆ 2021ರಲ್ಲಿ ‘ಪ್ರೈಮ್‌ಫೋನಿಕ್’ ಎಂಬ ಸೇವೆಯನ್ನು ಕೊಂಡು, 2023ರ ಮಾರ್ಚಿನಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ಪ್ರತ್ಯೇಕ ವ್ಯವಸ್ಥೆಯನ್ನು ಆರಂಭಿಸಿತು. ಬೀಥೋವನ್‌ನಿಗೆ ದೊರೆತ ಈ ಮರ್ಯಾದೆ ಕಾನಡಾಕ್ಕೆ ಏಕೆ ದೊರೆಯಲಿಲ್ಲ ಎಂದು ಕೇಳುವ ಮೊದಲು, ಕಾನಡಾದ ಕಡೆಯವರು ಏನನ್ನು ಸಿದ್ಧಪಡಿಸಿಟ್ಟಿದ್ದರು ಎಂದು ಕೇಳುವುದು ನ್ಯಾಯ.

ಜಾಝ್ ಮತ್ತು ಶಾಸ್ತ್ರೀಯ ಇವೆರಡೂ ಕೂಡಿದ ಕಡೆ ತೊಡಕು ಇಮ್ಮಡಿಯಾಗುತ್ತದೆ. ಸರೋದ್ ವಾದಕ ಅಲಿ ಅಕ್ಬರ್ ಖಾನರು 1975ರಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿಯೊಡನೆ, ಜಾಕಿರ್ ಹುಸೇನರ ತಬಲಾದೊಂದಿಗೆ ಮುದ್ರಿಸಿದ ‘ಕರುಣಾ ಸುಪ್ರೀಮ್’ ಜಾಝ್ ಕಪಾಟಿಗೆ ಸೇರಬೇಕೋ ಹಿಂದುಸ್ತಾನಿಗೋ? ಕನ್ನಡನಾಡಿಗೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಬೆಂಗಳೂರಿನ ಕರ್ನಾಟಕ ತಾಳವಾದ್ಯ ಕಾಲೇಜಿನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಮತ್ತು ಸಂಗಡಿಗರು 1983ರಲ್ಲಿ, ನಾಗಸ್ವರವನ್ನೂ ಕಲಿತಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋನೊಡನೆ ಜರ್ಮನಿಯಲ್ಲಿ ‘ಜ್ಯೋತಿ’ ಎಂಬ ಆಲ್ಬಮನ್ನು ಮುದ್ರಿಸಿದರು. ಅದನ್ನು ಹೊರತಂದ ಇಸಿಎಂ ಸಂಸ್ಥೆ ತನ್ನ ಸಂಗ್ರಹವನ್ನು ನೇರಪ್ರವಾಹದ ಸೇವೆಗಳಿಗೆ ಬಿಟ್ಟುಕೊಟ್ಟದ್ದು 2017ರ ನವೆಂಬರಿನಲ್ಲಿ. ಈಗ ನಾಗಪುರದಲ್ಲಿ ಕುಳಿತವರೂ ‘ಜ್ಯೋತಿ’ಯನ್ನು ಕೇಳಬಹುದು, ಆದರೆ ಅದನ್ನು ಜಾಝ್ ಎಂದು ಹುಡುಕಬೇಕು, ಮರಿಯಾನೋ ಹೆಸರಿನಲ್ಲಿ ಹುಡುಕಬೇಕು. ‘ಕರ್ನಾಟಕ’ ಎಂದು ಹುಡುಕುವವರ ಮುಂದೆ ಕರ್ನಾಟಕ ಸಂಗೀತದ ಸಾವಿರ ಕಛೇರಿಗಳು ಸಾಲುಗಟ್ಟುತ್ತವೆ. ಸಿಗುವುದು ಹೆಸರು ಮೊದಲೇ ಗೊತ್ತಿದ್ದವರಿಗೆ ಮಾತ್ರ.

ಕನ್ನಡ ವಿಭಾಗಗಳಿಗೆ ಇದರಿಂದ ಆಗಬೇಕಾದದ್ದೇನು ಎಂಬ ಪ್ರಶ್ನೆ ಏಳುತ್ತದೆ. ಬಂದಿಶುಗಳು ಬ್ರಜ ಭಾಷೆಯಲ್ಲಿವೆ, ಇದು ಸಂಗೀತ ವಿಭಾಗದ ಹೊಣೆ ಎನ್ನುವವರುಂಟು. ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಇಲ್ಲಿ ಬೇಕಾಗಿರುವುದು ಸ್ವರಜ್ಞಾನಕ್ಕಿಂತ ಹೆಚ್ಚಾಗಿ ಆಕರಗಳನ್ನು ಗುರುತಿಸುವ, ಪ್ರತಿಗಳನ್ನು ಹೋಲಿಸುವ, ಕರ್ತೃಕಾಲಗಳನ್ನು ನಿರ್ಣಯಿಸುವ ಅಭ್ಯಾಸ. ಈ ಅಭ್ಯಾಸವನ್ನು ಕನ್ನಡ ವಿಭಾಗಗಳು ಶತಮಾನಕ್ಕೂ ಮಿಕ್ಕಿದ ಪರಂಪರೆಯಿಂದ ಪಡೆದಿವೆ. ಆರ್. ನರಸಿಂಹಾಚಾರ್ಯರು 1907, 1919 ಮತ್ತು 1929ರಲ್ಲಿ ಮೂರು ಸಂಪುಟಗಳಾಗಿ ಕವಿಚರಿತೆಯನ್ನು ಹೊರತಂದಾಗ ಅವರ ಮುಂದಿದ್ದದ್ದೂ ಇಂಥದೇ ಗೊಂದಲ: ಒಂದೇ ಹೆಸರಿನ ಹಲವು ಕವಿಗಳು, ಹಲವು ಹೆಸರಿನ ಒಬ್ಬ ಕವಿ, ತಲೆಬುಡವಿಲ್ಲದ ಕಟ್ಟುಗಳು. ಅವರ ತೀರ್ಮಾನಗಳಲ್ಲಿ ಎಷ್ಟೋ ಅನಂತರ ತಿದ್ದುಪಡಿಯಾದವು. ತಿದ್ದಲು ಒಂದು ಪಟ್ಟಿ ಇತ್ತೆಂಬುದೇ ಮುಖ್ಯ.

ಅಂಗಡಿಯಲ್ಲಿ ಹೇರಳವಾಗಿ ಸಿಗುವ ‘ಮುಂಜಾನೆಯ ರಾಗಗಳು’, ‘ಮಳೆಗಾಲದ ರಾಗಗಳು’ ಎಂಬ ಬಗೆಯ ಸಂಕಲನಗಳನ್ನು ಕಂಡಾಗ ಕನ್ನಡ ವಿದ್ಯಾರ್ಥಿಗೆ ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವ ನೆನಪಾಗಬೇಕು. ವರ್ಣನೆಗಳ ಪ್ರಕಾರ ಪದ್ಯಗಳನ್ನು ಆಯ್ದು, ಆಕರವನ್ನು ಹೆಸರಿಸದೆ ಪೋಣಿಸಿದ ಗ್ರಂಥವದು. ಯಾವ ಪದ್ಯ ಯಾವ ಕಾವ್ಯದ್ದು ಎಂದು ಪತ್ತೆಹಚ್ಚುವುದರಲ್ಲಿ ವಿದ್ವಾಂಸರು ಎಷ್ಟು ಶ್ರಮಪಟ್ಟರೆಂಬುದು ಈ ಸಂಪುಟದ ಓದುಗರಿಗೆ ತಿಳಿದ ವಿಷಯ. ಒಂದೇ ಮುದ್ರಣ ನಾಲ್ಕು ಸಂಕಲನಗಳಲ್ಲಿ ನಾಲ್ಕು ಹೊದಿಕೆ ತೊಟ್ಟು ಬಂದಾಗ ಅವೆಲ್ಲ ಒಂದೇ ಎಂದು ಹೇಳುವುದಕ್ಕೂ ಅದೇ ಶ್ರಮ ಬೇಕು, ಅದೇ ಅನುಮಾನ ಬುದ್ಧಿ ಬೇಕು.

ನಾಗಪುರದಿಂದ ಉತ್ತರಕ್ಕೆ, ಅಲಿ ಅಕ್ಬರ್ ಖಾನರು ಬೆಳೆದ ಮೈಹರದ ಸೀಮೆಯಲ್ಲಿ ಜೂರಾ ಎಂಬ ಹಳ್ಳಿಯಿದೆ. ಮೂರನೆಯ ಕೃಷ್ಣನ ಕನ್ನಡ ಪ್ರಶಸ್ತಿ ಶಾಸನ ದೊರೆತ ಜಾಗ ಅದು. ಕನ್ನಡನಾಡಿನಿಂದ ಅಷ್ಟು ದೂರದ ಕಲ್ಲೊಂದು ಇಂದು ಎಂ.ಎ. ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಕಾಣಿಸಿಕೊಳ್ಳುತ್ತಿದ್ದರೆ, ಯಾರೋ ಅದರ ಪಡಿಯಚ್ಚು ತೆಗೆದು, ಲಿಪಿ, ಸಾಲು, ಛಂದಸ್ಸುಗಳನ್ನು ಗುರುತಿಸಿ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದ್ದರಿಂದ. ಸೂಚಿಗೆ ಬಾರದಿದ್ದರೆ ಅದು ಹಳ್ಳಿಯವರು ದಿನವೂ ನೋಡುವ ಬರೆಹದ ಬಂಡೆಯಾಗಿಯೇ ಉಳಿಯುತ್ತಿತ್ತು.

ಕಲ್ಲು ಕಾಯುತ್ತದೆ, ಅಂಗಡಿ ಕಾಯುವುದಿಲ್ಲ. ಮೇಲೆ ಹೇಳಿದ ‘ಫ್ಲೈಟ್’ 2013ರ ಜೂನಿನಲ್ಲಿ, ಒಂದೂವರೆ ವರ್ಷವೂ ತುಂಬುವ ಮೊದಲೇ ಮುಚ್ಚಿತು. ಕೊಂಡವರು ತಮ್ಮ ಸಂಗೀತವನ್ನು ಇಳಿಸಿಟ್ಟುಕೊಳ್ಳಲು ಕೆಲವು ವಾರಗಳ ಗಡುವು ದೊರೆಯಿತು. ಆಲ್ಬಮ್ಮುಗಳು ಹಕ್ಕಿನ ಕರಾರು ಮುಗಿದಾಗ ಸದ್ದಿಲ್ಲದೆ ಮಾಯವಾಗುವುದೂ ಉಂಟು. ಏನು ಮಾಯವಾಯಿತು ಎಂದು ಹೇಳುವುದಕ್ಕೂ ಮೊದಲು ಏನಿತ್ತು ಎಂಬ ಪಟ್ಟಿ ಬೇಕು. ಮುಂಬಯಿಯಲ್ಲಿ 1990ರಲ್ಲಿ ಆರಂಭವಾದ ಭಾರತೀಯ ಧ್ವನಿಮುದ್ರಿಕಾ ಸಂಗ್ರಾಹಕರ ಸಂಘ, ಮೈಕೆಲ್ ಕಿನಿಯರ್ ಅವರು ಸಿದ್ಧಪಡಿಸಿದ ಆದಿಕಾಲದ ಮುದ್ರಣಗಳ ಸೂಚಿಗಳು ದಾರಿ ತೋರಿವೆ. ಕನ್ನಡನಾಡಿನ ಗಾಯಕರು, ಕನ್ನಡ ರಂಗಗೀತೆಗಳು, ವಚನ ಮತ್ತು ದಾಸರ ಪದಗಳ ಮುದ್ರಣಗಳು ಇವನ್ನು ಒಂದೆಡೆ ತರುವ, ಎಲ್ಲರ ಕೈಗೆಟುಕುವ ಸೂಚಿಯೊಂದನ್ನು ವಿಭಾಗಗಳು ಕೈಗೆತ್ತಿಕೊಳ್ಳಬೇಕಾಗಿದೆ. ಅದನ್ನು ಕನ್ನಡ, ದೇವನಾಗರಿ, ರೋಮನ್ ಮೂರೂ ಲಿಪಿಗಳಲ್ಲಿ ಕೊಡುವುದು ಅಗತ್ಯ. ಇಲ್ಲದಿದ್ದರೆ ನಾಗಪುರದ ಎರಡನೆಯ ತಲೆಮಾರಿಗೆ ಅದು ಮತ್ತೊಂದು ಮುಚ್ಚಿದ ಕಪಾಟು. 1986ರಲ್ಲಿ ಸ್ಥಾಪನೆಯಾದ ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರದ ಕಚೇರಿ ನಾಗಪುರದಲ್ಲಿದೆ, ಕರ್ನಾಟಕ ಅದರ ಸದಸ್ಯ ರಾಜ್ಯ. ಇಂಥ ಕೆಲಸದಲ್ಲಿ ಎರಡು ಭಾಷೆಗಳ ವಿಭಾಗಗಳು ಕೂಡಿ ದುಡಿಯಲು ಅದಕ್ಕಿಂತ ಸಹಜವಾದ ವೇದಿಕೆ ದೊರಕುವುದು ಕಷ್ಟ.

ಆರಂಭಕ್ಕೆ ದೊಡ್ಡ ಅನುದಾನವೂ ಬೇಡ. ಎಂ.ಎ. ತರಗತಿಯ ಒಬ್ಬೊಬ್ಬ ವಿದ್ಯಾರ್ಥಿಗೆ ಒಬ್ಬೊಬ್ಬ ಗಾಯಕರನ್ನು ವಹಿಸಿ, ಸಿಕ್ಕಿದ ಪ್ರತಿ ಮುದ್ರಣದ ರಾಗ, ತಾಳ, ಪಕ್ಕವಾದ್ಯ, ತಟ್ಟೆಯ ಸಂಖ್ಯೆ, ವರ್ಷಗಳನ್ನು ಬರೆಸಿದರೆ ಸಾಕು. ಎಲ್‌ಪಿ ಹೊದಿಕೆಗಳ ಬೆನ್ನಿನಲ್ಲಿ ಈ ವಿವರಗಳು ಎಷ್ಟೋ ಸಲ ಅಚ್ಚಾಗಿವೆ. ಇನ್ನೊಂದು ಆಕರ ಮನೆಗಳಲ್ಲೇ ಇದೆ. ರಾತ್ರಿಯ ಪ್ರಸಾರವನ್ನು ಮುದ್ರಿಸಿಕೊಂಡ ಕ್ಯಾಸೆಟ್ಟುಗಳ ಒಳಚೀಟಿಯಲ್ಲಿ, ಉದ್ಘೋಷಕರು ಹೇಳಿದ್ದನ್ನು ಹಿರಿಯರು ಅವಸರದ ಕನ್ನಡ ಅಕ್ಷರಗಳಲ್ಲಿ ಗೀಚಿಟ್ಟಿರುತ್ತಾರೆ. ಪಟ್ಟಿಯನ್ನು ಧಾರವಾಡದಿಂದ ಶುರುಮಾಡಬಹುದು, ನಾಗಪುರದಿಂದಲೂ ಶುರುಮಾಡಬಹುದು. ಮೊದಲು ಓದಬೇಕಾದದ್ದು ಆ ಚೀಟಿಗಳನ್ನು, ಬರೆದವರು ಇನ್ನೂ ಇರುವಾಗ.