ತೆರೆಯ ಮೇಲಿನ ಚುಕ್ಕಿಯನ್ನು ಎಷ್ಟು ನಂಬಬೇಕು?

ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿಯ ಬಳಿ 2019ರ ಸೆಪ್ಟೆಂಬರ್ 17ರಂದು ಡಿಆರ್‌ಡಿಒದ ಮಾನವರಹಿತ ವಿಮಾನವೊಂದು ನೆಲಕ್ಕಪ್ಪಳಿಸಿತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಮತ್ತೊಂದು ಬಿತ್ತು. ಎರಡೂ ಸಲ ಜೀವಹಾನಿಯಾಗಲಿಲ್ಲ. ಪ್ರಯೋಗದಲ್ಲಿರುವ ಯಂತ್ರ ಬೀಳುವುದು ಅಪರಾಧವೇನಲ್ಲ. ಅಮೃತಮಹಲ್ ಕಾವಲಿನ 4 ಸಾವಿರಕ್ಕೂ ಹೆಚ್ಚು ಎಕರೆಯನ್ನು ವೈಮಾನಿಕ ಪರೀಕ್ಷಾ ವಲಯಕ್ಕೆ ಕೊಟ್ಟದ್ದು ಇಂಥ ಪ್ರಯೋಗಗಳಿಗಾಗಿಯೇ. ಆದರೆ ಬಿದ್ದದ್ದು ಕಾವಲಿನ ಬೇಲಿಯ ಹೊರಗೆ ಎಂಬುದನ್ನು ಚಳ್ಳಕೆರೆ, ಮೊಳಕಾಲ್ಮುರು ಭಾಗದ ಜನ ಮರೆತಿಲ್ಲ.

ಪರೀಕ್ಷಾ ಹಾರಾಟಕ್ಕೆಂದು ಆಕಾಶದ ಒಂದು ಭಾಗವನ್ನು ಕಾದಿರಿಸಲಾಗುತ್ತದೆ. ಆದರೆ ಇಲ್ಲಿಂದ ಬೆಂಗಳೂರು ವಿಮಾನ ನಿಲ್ದಾಣ ಜೆಟ್ ವಿಮಾನಕ್ಕೆ ಕಾಲು ಗಂಟೆಯ ದಾರಿ. ಮಾನವರಹಿತ ವಿಮಾನಗಳು ಮುಂದೊಂದು ದಿನ ಪ್ರಯಾಣಿಕ ವಿಮಾನಗಳ ಜೊತೆ ಒಂದೇ ಆಕಾಶದಲ್ಲಿ ಹಾರಬೇಕಾದವು. ಆಗ ಸಂಚಾರ ನಿಯಂತ್ರಕನ ಮುಂದಿನ ತೆರೆ ಅವನಿಗೆ ನಿಜ ಹೇಳುವುದೇ ಎಂಬುದು ಇಂದೇ ಕೇಳಬೇಕಾದ ಪ್ರಶ್ನೆ.

ಪ್ರಾಥಮಿಕ ರೇಡಾರ್ ಕಾಣುವುದು ಮರಳಿ ಬಂದ ಪ್ರತಿಧ್ವನಿಯನ್ನು ಮಾತ್ರ. ಅದು ಹಕ್ಕಿಗಳ ಹಿಂಡೂ ಆಗಿರಬಹುದು, ಮಳೆಮೋಡವೂ ಆಗಿರಬಹುದು. ಚಿತ್ರದುರ್ಗದ ಗುಡ್ಡಗಳ ಮೇಲಿರುವಂಥ ಗಾಳಿಯಂತ್ರಗಳ ತಿರುಗುವ ರೆಕ್ಕೆಗಳನ್ನು ಹಾರುವ ವಸ್ತುವೆಂದು ರೇಡಾರ್ ತಪ್ಪು ತಿಳಿಯುವುದು ಬ್ರಿಟನ್ನಿನಲ್ಲಿ ಹಳೆಯ ತಲೆನೋವು. ಪುಟ್ಟ ಡ್ರೋನ್ ಆದರೋ ಕಾಣದೆಯೇ ಹೋಗಬಹುದು. ದ್ವಿತೀಯಕ ರೇಡಾರ್ ವಿಮಾನವನ್ನೇ ಕೇಳುತ್ತದೆ. ಗುರುತು ಮತ್ತು ಎತ್ತರವನ್ನು ಅದರ ಟ್ರಾನ್ಸ್‌ಪಾಂಡರ್ ತಿಳಿಸುತ್ತದೆ. ಈ ವ್ಯತ್ಯಾಸದ ಬೆಲೆ ನಮಗೆ ತಿಳಿದದ್ದು 1996ರ ನವೆಂಬರ್ 12ರಂದು. ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತರು. ಕಜಕ್ ವಿಮಾನ ತನಗೆ ಸೂಚಿಸಿದ್ದ 15,000 ಅಡಿಗಿಂತ ಕೆಳಗಿಳಿದಿತ್ತು. ದೆಹಲಿಯ ನಿಯಂತ್ರಕನಿಗೆ ಚುಕ್ಕಿಗಳು ಕಾಣುತ್ತಿದ್ದವು, ಅವುಗಳ ಎತ್ತರ ಕಾಣುತ್ತಿರಲಿಲ್ಲ.

ಈಗಿನ ತೊಡಕು ಬೇರೆ ಬಗೆಯದು. ವಿಮಾನ ಉಪಗ್ರಹದಿಂದ ತನ್ನ ಸ್ಥಾನವನ್ನು ಅರಿತು ತಾನೇ ಬಿತ್ತರಿಸುವ ಎಡಿಎಸ್-ಬಿ ವ್ಯವಸ್ಥೆ ಅಗ್ಗವೂ ಹೌದು, ನಿಖರವೂ ಹೌದು. ಆದರೆ ಯಾರಾದರೂ ನಕಲಿ ಜಿಪಿಎಸ್ ಸಂಕೇತ ಹರಿಸಿದರೆ ವಿಮಾನ ಪ್ರಾಮಾಣಿಕವಾಗಿಯೇ ಸುಳ್ಳು ಹೇಳುತ್ತದೆ! ದೆಹಲಿಯಲ್ಲದೆ ಬೆಂಗಳೂರು, ಹೈದರಾಬಾದ್, ಚೆನ್ನೈ ಮೊದಲಾದ ಕಡೆಗಳಿಂದಲೂ ಜಿಪಿಎಸ್ ಅಡಚಣೆಯ ದೂರುಗಳು ಬಂದಿವೆ ಎಂದು 2025ರ ಡಿಸೆಂಬರ್‌ನಲ್ಲಿ ಸರ್ಕಾರವೇ ಸಂಸತ್ತಿಗೆ ತಿಳಿಸಿತು. ನೆಲದ ಮೇಲಿನ ಪಥದರ್ಶಕ ಸಾಧನಗಳನ್ನು ಕನಿಷ್ಠ ಪ್ರಮಾಣದಲ್ಲಾದರೂ ಉಳಿಸಿಕೊಳ್ಳುತ್ತೇವೆ ಎಂದೂ ಹೇಳಿತು. ಆ ಮಾತು ರೇಡಾರಿಗೂ ಅನ್ವಯಿಸಬೇಕು. ಉಪಗ್ರಹವನ್ನು ನೆಚ್ಚದ ರೇಡಾರನ್ನು ಹಳತೆಂದು ಮೂಲೆಗೆ ತಳ್ಳುವುದು ಸಲ್ಲದು.

ಯಂತ್ರ ಸರಿಯಿದ್ದಾಗಲೂ ಅದನ್ನು ನೋಡುವ ಕಣ್ಣು ಬೇಕು. 2022ರ ಜನವರಿ 7ರಂದು ಬೆಂಗಳೂರಿನಲ್ಲಿ ಸಮಾನಾಂತರ ರನ್‌ವೇಗಳಿಂದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಎರಡು ವಿಮಾನಗಳು ಮೇಲೇರಿ ಸುಮಾರು 3,000 ಅಡಿ ಎತ್ತರದಲ್ಲಿ ಒಂದರತ್ತ ಒಂದು ಸಾಗಿದವು. ರನ್‌ವೇ ಬಳಕೆ ಬದಲಿಸಿದ ತೀರ್ಮಾನ ಗೋಪುರದ ಒಬ್ಬ ನಿಯಂತ್ರಕನಿಗೆ ತಲುಪಿರಲಿಲ್ಲ. ತೆರೆ ನೋಡುತ್ತಿದ್ದ ರೇಡಾರ್ ನಿಯಂತ್ರಕ ಗಮನಿಸಿ ಇಬ್ಬರನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ನಾನೂರಕ್ಕೂ ಹೆಚ್ಚು ಜೀವಗಳು ಉಳಿದವು.

ಹೊಸ ಟರ್ಮಿನಲ್‌ಗಳ ಉದ್ಘಾಟನೆಗೆ ತೋರುವ ಉತ್ಸಾಹದ ಒಂದಂಶವನ್ನಾದರೂ ಸರ್ಕಾರ ನಿಯಂತ್ರಕರ ನೇಮಕಾತಿ, ತರಬೇತಿ, ವಿಶ್ರಾಂತಿಗಳ ಕಡೆಗೆ ತೋರಬೇಕು. ತನ್ನ ಗುರುತು ಮತ್ತು ಎತ್ತರವನ್ನು ವಿಶ್ವಾಸಾರ್ಹವಾಗಿ ತಿಳಿಸಲಾಗದ ಯಾವ ಮಾನವರಹಿತ ವಿಮಾನವನ್ನೂ ನಾಗರಿಕ ವಾಯುಮಾರ್ಗಕ್ಕೆ ಬಿಡಕೂಡದು. ಸಂಪರ್ಕ ಕಡಿದಾಗ ಅದು ಎಲ್ಲಿಗೆ ಹೋಗುತ್ತದೆಂಬುದೂ ನಿಯಂತ್ರಕನಿಗೆ ಮೊದಲೇ ಗೊತ್ತಿರಬೇಕು. ಚಳ್ಳಕೆರೆಯ ಪರೀಕ್ಷೆಗಳು ಇದನ್ನು ಸಾಬೀತುಪಡಿಸಲು ತಕ್ಕ ಜಾಗ. ಜೋಡಿಚಿಕ್ಕೇನಹಳ್ಳಿ, ವದ್ದಿಕೆರೆಗಳ ಅವಘಡಗಳಿಂದ ಕಲಿತದ್ದೇನು ಎಂಬುದರ ಸಾರ, ರಕ್ಷಣಾ ರಹಸ್ಯಕ್ಕೆ ಧಕ್ಕೆಯಾಗದಂತೆ, ಆ ಊರುಗಳ ಪಂಚಾಯಿತಿ ಕಚೇರಿಗೂ ತಲುಪಲಿ.