ಮಗು ನೋಡಿದ್ದಕ್ಕೂ ಒಂದು ಕಿರ್ದಿ ಇರಲಿ



ಅಂಗಡಿಯಲ್ಲಿ ಗಿರಾಕಿಗಳ ಗದ್ದಲ, ಮನೆಯಲ್ಲಿ ಹೆಂಗಸರಿಗೆ ಕೆಲಸ. ಮಗು ರಚ್ಚೆ ಹಿಡಿದರೆ ಟಿ.ವಿ. ಹಚ್ಚುತ್ತೇವೆ, ಇಲ್ಲವೇ ಕೈಗೆ ಮೊಬೈಲು ಕೊಡುತ್ತೇವೆ. ‘ಹೊಡೆದಾಟದ ಸಿನಿಮಾ ಅಲ್ಲವಲ್ಲ, ಕಾರ್ಟೂನು ತಾನೇ’ ಎಂಬ ಸಮಾಧಾನ ಬೇರೆ. ಆದರೆ ಸಣ್ಣದಕ್ಕೂ ಸಿಟ್ಟಿಗೇಳುವ, ಅತಿಯಾಗಿ ಅಂಜುವ, ಮನಸ್ಸಿನ ತೊಂದರೆಯಿರುವ ಮಕ್ಕಳ ವಿಷಯದಲ್ಲಿ ಈ ಸಮಾಧಾನ ಸಾಲದು.

ಅಮೆರಿಕದ ಕೆನೆತ್ ಗ್ಯಾಡೋ ಮತ್ತು ಜಾಯ್ಸ್ ಸ್ಪ್ರಾಫ್ಕಿನ್ ಎಂಬ ವಿದ್ವಾಂಸರು ಇಂಥ ಮಕ್ಕಳಿಗೆ ಟಿ.ವಿ. ತೋರಿಸಿ, ಆಮೇಲೆ ಅವರ ನಡತೆಯನ್ನು ಗಮನಿಸಿದರು. ಇತರರ ಪ್ರಯೋಗಗಳನ್ನೂ ಸೇರಿಸಿ 1989ರಲ್ಲಿ ಅವರು ಬರೆದ ಮಾತು ವಿಚಾರ ಮಾಡುವಂಥದ್ದು. ಹೊಡೆದಾಟದ ಚಿತ್ರ ನೋಡಿದಾಗ ಮಾತ್ರವಲ್ಲ, ಹೊಡೆದಾಟವಿಲ್ಲದ್ದನ್ನು ನೋಡಿದಾಗಲೂ ಮಕ್ಕಳ ಪುಂಡಾಟ ಹೆಚ್ಚಾಗಿತ್ತು.

2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು 4 ವರ್ಷದ 60 ಮಕ್ಕಳನ್ನು ಪರೀಕ್ಷಿಸಿದರು. ಇವರು ಸಾಮಾನ್ಯ ಮಕ್ಕಳೇ. ಕೆಲವರಿಗೆ 9 ನಿಮಿಷ ಅತಿವೇಗದ ಕಾರ್ಟೂನು, ಕೆಲವರಿಗೆ ನಿಧಾನಗತಿಯದು, ಉಳಿದವರಿಗೆ ಚಿತ್ರ ಬರೆಯುವ ಕೆಲಸ. ಕೂಡಲೇ ಪರೀಕ್ಷಿಸಿದಾಗ, ವೇಗದ ಕಾರ್ಟೂನು ನೋಡಿದವರು ಗಮನದಲ್ಲೂ ಮನಸ್ಸಿನ ಹಿಡಿತದಲ್ಲೂ ಹಿಂದೆ ಬಿದ್ದಿದ್ದರು. ಹೀಗಿರುವಾಗ, ಮೊದಲೇ ತಳಮಳದಲ್ಲಿರುವ ಮಗುವಿಗೆ ಶಾಲೆಗೆ ಹೊರಡುವ ಮುನ್ನ ಕಾರ್ಟೂನು ಬೇಕೇ?

ಹಾಗೆಂದು ತಪ್ಪೆಲ್ಲ ಟಿ.ವಿ.ಯದೇ ಅಲ್ಲ. ನೊಂದ ಮಗು ತಾನಾಗಿಯೇ ಪರದೆಯ ಆಸರೆ ಹುಡುಕುವುದೂ ಉಂಟು. ಆದ್ದರಿಂದ ನಾವು ವ್ಯಾಪಾರಿಗಳು ಬಲ್ಲ ಕೆಲಸವನ್ನೇ ಮಾಡೋಣ. ಹದಿನೈದು ದಿನ ಕಿರ್ದಿ ಬರೆಯಿರಿ. ಮಗು ಏನು ನೋಡಿತು, ಎಷ್ಟು ಹೊತ್ತು, ಯಾವ ವೇಳೆ ಎಂಬುದು ಒಂದು ಕಡೆ. ಆ ದಿನ ತರಗತಿಯಲ್ಲಿ ಹೇಗಿತ್ತು ಎಂದು ಮೇಷ್ಟ್ರು ಹೇಳಿದ್ದು ಇನ್ನೊಂದು ಕಡೆ. ತಾಳೆ ನೋಡಿದರೆ ಯಾವುದನ್ನು ಮೊದಲು ಕಡಿಮೆ ಮಾಡಬೇಕೆಂಬುದು ತಿಳಿದೀತು. ನೋಡುವಾಗ ಪಕ್ಕದಲ್ಲಿ ಕುಳಿತು, ‘ಇದು ನಿಜವೋ, ನಟನೆಯೋ?’ ಎಂದು ಕೇಳಿ. ಅಜ್ಜ ಅಜ್ಜಿಯರಿಗೆ ಇದಕ್ಕೆ ಬಿಡುವಿದೆ.

ಕೊನೆಯದಾಗಿ ಒಂದು ಮಾತು. ‘ಹೊರಗೆ ಗೊತ್ತಾದರೆ ನಾಳೆ ಸಂಬಂಧ ಕೂಡಿಬರುವುದಿಲ್ಲ’ ಎಂದು ಮಗುವಿನ ತೊಂದರೆಯನ್ನು ಮುಚ್ಚಿಡಬೇಡಿ. ಹೊಡೆದು ಬಡಿದು ಸರಿಪಡಿಸುವ ರೋಗ ಇದಲ್ಲ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416ರಲ್ಲಿ ಉಚಿತವಾಗಿ ಫೋನು ಮಾಡಬಹುದು. ಜ್ವರ ಬಂದ ಮಗುವನ್ನು ಡಾಕ್ಟರ ಬಳಿ ಒಯ್ಯಲು ನಾಚದ ನಾವು, ಮನಸ್ಸು ನೊಂದ ಮಗುವಿಗಾಗಿ ನಾಚುವುದೇಕೆ?