ದಾಮೋದರ ಹಾಲ್ ಮತ್ತೆ ಎದ್ದರೆ ಯಾರಿಗೆ?



ಮುಂಬೈನ ಪರೇಲ್‌ನಲ್ಲಿದ್ದ ನೂರು ವರ್ಷದ ದಾಮೋದರ ನಾಟಕಗೃಹವನ್ನ 2023ರ ಕೊನೆಗೆ ಪುನರಾಭಿವೃದ್ಧಿ ಅಂತ ಮುಚ್ಚಿದಾಗ ಮರಾಠಿ ರಂಗಭೂಮಿಯವರು ತಿರುಗಿಬಿದ್ದರು. ಅಲ್ಲೇ ಮತ್ತೆ ರಂಗಮಂದಿರ ಬೇಕು ಅನ್ನೋದು ಅವರ ಪಟ್ಟು. ನ್ಯಾಯವಾದ ಪಟ್ಟು. ಆದರೆ ಆ ಜಾಗದಲ್ಲಿ ನಮ್ಮದೂ ಒಂದು ಪಾಲಿದೆ, ಅದನ್ನ ನಾವು ಹೇಳದಿದ್ರೆ ಬೇರೆ ಯಾರೂ ಹೇಳಲ್ಲ.

ಅಸ್ಪೃಶ್ಯರಿಗೆ ತಮ್ಮದೇ ಒಂದು ಸಂಸ್ಥೆ ಬೇಕು ಅಂತ ಬಾಬಾಸಾಹೇಬರು 1924ರ ಮಾರ್ಚ್ 9ರಂದು ಸಭೆ ಕರೆದದ್ದು ಇದೇ ಹಾಲ್‌ನಲ್ಲಿ. ಅದೇ ಜುಲೈನಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಹುಟ್ಟಿತು. ಅದರ ಕಚೇರಿಯೂ ಇಲ್ಲೇ ಇತ್ತು. ಬಾಬಾಸಾಹೇಬರು ಆಗ ಇದ್ದದ್ದು ಅದೇ ಪರೇಲ್‌ನ ಬಿಐಟಿ ಚಾಳ್‌ನಲ್ಲಿ. ಬ್ಯಾರಿಸ್ಟರ್ ಆಗಿ ಬಂದವರು ನಾಟಕದ ಹಾಲ್‌ನಲ್ಲಿ ಕಚೇರಿ ಮಾಡ್ತಾರೆ ಅಂದ್ರೆ, ಜನ ಅಲ್ಲಿಗೆ ಬರ್ತಿದ್ದರು ಅಂತ ಅರ್ಥ.

ಹಾಲ್ ಎನ್.ಎಂ. ಜೋಶಿ 1911ರಲ್ಲಿ ಕಟ್ಟಿದ ಸೋಷಿಯಲ್ ಸರ್ವಿಸ್ ಲೀಗ್‌ದು. ಸುತ್ತ ಬಟ್ಟೆ ಗಿರಣಿಗಳು. ದೊಡ್ಡ ನಾಟಕ ಕಂಪನಿಗಳ ಕಣ್ಣಿಗೆ ಬೀಳದ ಕೊಂಕಣದ ನಮನ, ಶಕ್ತಿ-ತುರಾ ಮೇಳಗಳಿಗೆ ಮುಂಬೈನಲ್ಲಿ ಸಿಕ್ಕ ವೇದಿಕೆ ಇದು.

ಹಾಗಂತ "ಕಾರ್ಮಿಕರ ಜಾಗ" ಅಂದಮಾತ್ರಕ್ಕೆ ಜಾತಿ ಇರಲಿಲ್ಲ ಅಂದ್ಕೋಬೇಡಿ. ಅದೇ ಗಿರಣಿಗಳ ನೇಯ್ಗೆ ವಿಭಾಗಕ್ಕೆ ನಮ್ಮವರನ್ನ ಬಿಟ್ಕೊಳ್ತಿರಲಿಲ್ಲ. ಯಾಕೆ? ಲಾಳಿಗೆ ನೂಲು ಪೋಣಿಸುವಾಗ ಬಾಯಿಂದ ಎಳೀಬೇಕಿತ್ತು. ನಮ್ಮ ಎಂಜಲು ತಾಗಿದ ಲಾಳಿಯನ್ನ ಸವರ್ಣ ಕಾರ್ಮಿಕ ಮುಟ್ಟಲ್ಲ! ಕೂಲಿ ಚೆನ್ನಾಗಿದ್ದ ವಿಭಾಗವೇ ಅದು. 1928ರ ಮುಷ್ಕರದಲ್ಲಿ ಬಾಬಾಸಾಹೇಬರು ಇದನ್ನ ಎತ್ತಿ ಮುಖಂಡರನ್ನ ಕೇಳಿದರು. ಕೆಂಪು ಬಾವುಟದ ಗೆಳೆಯರಿಗೆ ಈಗಲೂ ಈ ಮಾತು ಅಷ್ಟಾಗಿ ಹಿಡಿಸಲ್ಲ, ಇರಲಿ.

ಅದಕ್ಕೇ "ಎಲ್ಲರಿಗೂ ಮುಕ್ತ" ಅನ್ನೋ ಬೋರ್ಡ್ ನನಗೆ ಸಾಲದು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಹೋಗಿ ಮಾಲು, ಟವರ್ ಬಂದಿವೆ. ಅಲ್ಲಿ ಎಸಿ ಹಾಕಿದ ಹೊಸ ಹಾಲ್ ಎದ್ದರೆ ಬಾಡಿಗೆ ಎಷ್ಟು? ಶನಿವಾರ, ಭಾನುವಾರದ ತಾರೀಖು ಯಾರಿಗೆ? ಚಾಳಿನ ಹುಡುಗರ ಮೇಳಕ್ಕೋ, ಟಿವಿ ಮುಖ ಇರೋ ನಾಟಕಕ್ಕೋ? ಅಂಬೇಡ್ಕರಿ ಜಲಸಾದವರು ಅರ್ಜಿ ಹಾಕಿದರೆ "ಇದು ರಾಜಕೀಯ" ಅಂತ ವಾಪಸ್ ಕಳಿಸಲ್ಲ ತಾನೆ? ತಾರೀಖು ಹಂಚೋ ಸಮಿತಿಯಲ್ಲಿ ದಲಿತರು, ಹೆಂಗಸರು ಇರ್ತಾರಾ? ಇವೆಲ್ಲ ಕಟ್ಟಡ ಏಳೋ ಮುಂಚೆಯೇ ಬರವಣಿಗೆಯಲ್ಲಿ ಬರಬೇಕು. ಆಮೇಲೆ ಕೇಳಿದ್ರೆ "ನಿಯಮ ಹೀಗಿದೆ" ಅಂತಾರೆ. ನಮ್ಮ ಎಷ್ಟೋ ಊರಲ್ಲಿ ಅಂಬೇಡ್ಕರ್ ಭವನ ಮದುವೆಗೆ ಬಾಡಿಗೆ, ಉಳಿದ ದಿನ ಬೀಗ ಆಗಿರೋದನ್ನ ನೋಡಿದ್ದೀವಲ್ಲ.

ಇನ್ನೊಂದು, 1924ರ ಸಭೆ ನಡೆದದ್ದು ಇಲ್ಲೇ ಅಂತ ಬಾಗಿಲಲ್ಲೇ ಕಾಣೋ ಹಾಗೆ ಬರೀಬೇಕು. ನಾಟಕದ ಜೊತೆಗೆ ಸಭೆ ಸೇರೋಕೆ, ಓದೋಕೆ ಒಂದು ಕೋಣೆ ಬೇಕು, ಅದೂ ಪುಕ್ಕಟೆ.

ಮುಂಬೈನಲ್ಲಿರೋ ಕನ್ನಡದ ಸಂಗಾತಿಗಳು ಇದನ್ನ ಮರಾಠಿಗೆ ಮಾಡಿ ಅಲ್ಲಿನ ಕಲಾವಿದರ ಮುಂದೆ ಇಡಿ.